ಫಿಲಿಷ್ಟಿಯರು ಗೆದ್ದ ಮಧ್ಯಾಹ್ನ

ಈಗಲೂ ಮದುವೆಯೂಟದ ಅಡಿಕೆ ಹಾಳೆಯ ತಟ್ಟೆಗೆ ಬಿಸಿ ಸಾರು ಬಿದ್ದು ನೆಂದ ಹಾಳೆಯ ವಾಸನೆ ಎದ್ದರೆ, ನನಗೆ ಪುತ್ತೂರಿನ ನಮ್ಮ ಕಾನ್ವೆಂಟಿನ ಮೈದಾನ ನೆನಪಾಗುತ್ತದೆ.

ಅಡಿಕೆ ಹಾಳೆಯನ್ನು ನೆನೆಸಿ, ಬಗ್ಗಿಸಿ ನಾವು ಗುರಾಣಿ ಮಾಡಿಕೊಂಡಿದ್ದೆವು. ಆಟಕ್ಕೆ ಸಿಸ್ಟರ್ ಇಟ್ಟ ಹೆಸರು ಹೋಲಿ ವಾರ್. ಕ್ರಿಶ್ಚಿಯನ್ ಹುಡುಗಿಯರು ಬೈಬಲಿನ ಇಸ್ರೇಲರು. ಹಿಂದೂ ಹುಡುಗಿಯರು, ಬ್ಯಾರಿ ಮುಸ್ಲಿಂ ಹುಡುಗಿಯರೆಲ್ಲ ಅವರ ಶತ್ರುಗಳಾದ ಫಿಲಿಷ್ಟಿಯರು. ಗುರಾಣಿ ಕೈಬಿಟ್ಟವಳು ಔಟ್. ದೇವರ ಪೆಟ್ಟಿಗೆಯನ್ನು, ಅಂದರೆ ಹೊಲಿಗೆ ಮೆಷಿನ್ನಿನ ಮರದ ಮುಚ್ಚಳವನ್ನು, ತಮ್ಮ ಗೆರೆ ದಾಟಿಸಿದವರಿಗೆ ಗೆಲುವು. ಪ್ರತಿವರ್ಷ ಫಿಲಿಷ್ಟಿಯರಾದ ನಾವೇ ಸೋಲುತ್ತಿದ್ದೆವು.

ಆ ವರ್ಷ ನನ್ನ ಗೆಳತಿ ಖತೀಜ ಪೆಟ್ಟಿಗೆಯನ್ನು ಅಪ್ಪಿಕೊಂಡು ಓಡಿ ನಮ್ಮ ಗೆರೆ ದಾಟಿಬಿಟ್ಟಳು.

“ನೋ, ನೋ! ವಾಪಸ್ ಕೊಡಿ,” ಎಂದರು ಸಿಸ್ಟರ್. “ಇಸ್ರೇಲರು ಗೆಲ್ಲಬೇಕು. ಸ್ಕ್ರಿಪ್ಚರ್‌ನಲ್ಲಿ ಹಾಗೆ ಉಂಟು.”

ಬೈಬಲ್ ಕತೆ ಹೇಳುವ ಸ್ಕ್ರಿಪ್ಚರ್ ಪೀರಿಯಡ್ಡಿಗೆ ನಾವೂ ಕೂರುತ್ತಿದ್ದೆವಲ್ಲ, ನಾನು ಬಾಯಿ ಬಿಟ್ಟೆ. “ಸಿಸ್ಟರ್, ಒಂದು ಸಲ ಫಿಲಿಷ್ಟಿಯರು ಪೆಟ್ಟಿಗೆ ಹೊತ್ತುಕೊಂಡು ಹೋದದ್ದು ಉಂಟು. ನೀವೇ ಕಲಿಸಿದ್ದು.”

ಸಿಸ್ಟರ್ ನನ್ನನ್ನೇ ನೋಡಿದರು. “ವೆರಿ ಗುಡ್. ಮತ್ತೆ ಎಂತ ಆಯ್ತು? ಮೈಯೆಲ್ಲ ಹುಣ್ಣಾಗಿ ಅವರೇ ಪೆಟ್ಟಿಗೆ ಹಿಂದೆ ಕಳಿಸಿದ್ರು.”

ಖತೀಜ ಮುಚ್ಚಳವನ್ನು ಕಂಕುಳಲ್ಲಿ ಒತ್ತಿ ಹಿಡಿದುಕೊಂಡೇ ತನ್ನ ಮೊಣಕೈ ತಿರುಗಿಸಿ ನೋಡಿಕೊಂಡಳು.

“ನಮಗೆ ಇನ್ನೂ ಎಂತದೂ ಬರ್ಲಿಲ್ಲ, ಸಿಸ್ಟರ್. ಹುಣ್ಣು ಬಂದ ಮೇಲೆ ಕೊಡುವ.”

ಮೊದಲು ನಕ್ಕವರು ಇಸ್ರೇಲರೇ. ಆಮೇಲೆ ಸಿಸ್ಟರ್ ವಿಸಿಲ್ ಊದಿ, ಆಟ ಮುಗಿಯಿತು ಎಂದರು.