ನಾನೇ ಚುಚ್ಚಿಕೊಂಡ ಸೂಜಿ

“ದಿನಾ ಸೂಜಿ ಚುಚ್ಚಿಸ್ಕೊಳ್ಳೋ ಮಗು ನಮ್ಮ ಶಾಲೇಲಿ ಓದೋದು ಆಗೋ ಮಾತಲ್ಲ ಮಾರಾಯ್ತಿ” ಎಂದು ಅವ್ವನಿಗೆ ಹೇಳಿದವರು ಹೆಡ್‌ಮಾಸ್ಟರು. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನು. ಸ್ಪಿರಿಟ್ಟಿನ ವಾಸನೆ ಬಂದರೆ ಇಂದಿಗೂ ಕಳಸದ ಡಾಕ್ಟರ ಕೋಣೆಯ ಆ ಮಧ್ಯಾಹ್ನವೇ ನೆನಪಾಗುತ್ತದೆ.

ನನಗೆ ಚಿಕ್ಕಂದಿನಿಂದಲೂ ಸಕ್ಕರೆ ಕಾಯಿಲೆ. ಮಧ್ಯಾಹ್ನ ಊಟಕ್ಕೆ ಮುಂಚೆ ಇನ್ಸುಲಿನ್ ಬೇಕು. ಆ ಹೊತ್ತಿಗೆ ಕಾಫಿ ಎಸ್ಟೇಟಿನ ಕೊಯ್ಲು ಬಿಟ್ಟು ಶಾಲೆಗೆ ಬರಲು ಮೇಸ್ತ್ರಿ ಅವ್ವನನ್ನು ಬಿಡುತ್ತಿರಲಿಲ್ಲ. ನಾನೇ ಚುಚ್ಚಿಕೊಳ್ಳಬಲ್ಲೆ ಎಂದು ಡಾಕ್ಟರು ಸರ್ಟಿಫಿಕೇಟ್ ಕೊಟ್ಟರೆ ಮಾತ್ರ ಶಾಲೆ ಎಂದು ಹೆಡ್‌ಮಾಸ್ಟರು ಕೊನೆಗೆ ಒಪ್ಪಿದ್ದರು.

ಅವ್ವ ಕಿತ್ತಳೆ ಹಣ್ಣಿಗೆ ಚುಚ್ಚಿಸಿ ಕಲಿಸಿದ್ದಳು. ಡಾಕ್ಟರ ಮುಂದೆ ಹೊಟ್ಟೆಯ ಚರ್ಮ ಹಿಡಿದು ಚುಚ್ಚಿಕೊಂಡೆ. ತೆಗೆಯುವಾಗ ಮಾತ್ರ, ರಜೆಯಲ್ಲಿ ಅವ್ವನ ಜೊತೆ ಕಾಫಿ ಹಣ್ಣು ತಿರುಚಿ ಕೊಯ್ದ ಅಭ್ಯಾಸಕ್ಕೆ, ಸೂಜಿಯನ್ನೂ ತಿರುಚಿಬಿಟ್ಟೆ. ರಕ್ತದ ಹನಿ ಮೂಡಿತು.

“ಕಾಫಿ ಹಣ್ಣಲ್ಲ ಕಣೇ ಅದು, ನೇರ ಎಳಿ!” ಎಂದು ಅವ್ವ ಗದರಿದಳು.

ಡಾಕ್ಟರು ನಕ್ಕುಬಿಟ್ಟರು. “ಬಿಡಮ್ಮ, ಅಳತೆ ಸರಿ ಇದೆ. ಕೈಯೂ ನಡುಗ್ಲಿಲ್ಲ.”

ಬರೆದು, ಸೀಲು ಒತ್ತಿ, ಸರ್ಟಿಫಿಕೇಟನ್ನು ಅವ್ವನ ಕಡೆ ಚಾಚಿದರು. ಅವ್ವ ಕೈ ಹಿಂದಕ್ಕೆ ಕಟ್ಟಿಕೊಂಡಳು.

“ಅವಳ ಕೈಗೇ ಕೊಡಿ ಸಾರ್. ಚುಚ್ಚಿಕೊಂಡಿದ್ದು ಅವಳಲ್ವಾ.”