ಅಕ್ಕನ ಎಲೆ

ಆ ಊರಿನಲ್ಲಿ ಬೆನ್ನಟ್ಟಿದವನ ಕೈಗೆ ಸಿಗುವ ಮೊದಲೇ ಹುಡುಗಿಯರು ಮರವಾಗಿಬಿಡುತ್ತಿದ್ದರು. ಬಸ್ ಸ್ಟ್ಯಾಂಡಿನ ಹಿಂದೆ ಒಬ್ಬಳಿದ್ದಳು, ಟಾಕೀಸಿನ ಪಕ್ಕ ಇಬ್ಬರು. ಜನ ಅವರ ನೆರಳಲ್ಲಿ ಸ್ಕೂಟರ್ ನಿಲ್ಲಿಸುತ್ತಿದ್ದರು. ಕಾಲೇಜು ಮೈದಾನದ ಅಂಚಿನಲ್ಲಿದ್ದ ಮರ ಮೇದಿನಿಯ ಅಕ್ಕ ಸುನಂದೆ. ಅಮ್ಮ ಶನಿವಾರ ಶನಿವಾರ ಅದರ ಕಾಂಡಕ್ಕೆ ಎಣ್ಣೆ ಸವರಿ, ಉಗುರುಬೆಚ್ಚಗಿನ ನೀರು ಹೊಯ್ದು ಬರುತ್ತಿದ್ದಳು.

ಕ್ರೀಡಾಕೂಟದ ದಿನ ಡ್ರಿಲ್ ಮಾಸ್ತರು ಕತ್ತರಿ ಹಿಡಿದು ಬಂದಾಗ ಮೇದಿನಿ ಮರಕ್ಕೆ ಬೆನ್ನು ಕೊಟ್ಟು ನಿಂತಿದ್ದಳು.

"ಸ್ವಲ್ಪ ಸರಿಯಮ್ಮ. ಗೆದ್ದವನಿಗೆ ಎಲೆ ಕಿರೀಟ ಹಾಕ್ಬೇಕು."

"ಗೆದ್ದವನು ಯಾರು ಸರ್?"

"ನಮ್ಮ ಪ್ರತಾಪ. ಈ ಮರದ್ದೇ ಎಲೆ ಬೇಕು ಅಂತ ಹಟ. ಪಾಪ, ಅವಳನ್ನ ಇನ್ನೂ ಮರೆತಿಲ್ಲ ನೋಡು."

"ಅವನು ಓಟ ಕಲಿತಿದ್ದೇ ಅಕ್ಕನ್ನ ಅಟ್ಟಿಸ್ಕೊಂಡು ಹೋಗಿ. ಈಗ ಅವಳ ಎಲೆಯನ್ನೇ ಕಿತ್ತು ಅವನ ತಲೆಗಿಡ್ತೀರಾ?"

ಅಷ್ಟರಲ್ಲಿ ಪ್ರತಾಪನೇ ನಗುತ್ತ ಅವಳತ್ತ ಓಡಿಬಂದ. ಮೇದಿನಿಯ ಅಂಗಾಲು ಜುಮುಗುಟ್ಟಿತು. ಬೇರು ಬಿಡುವ ಮುನ್ನ ಹಾಗಾಗುತ್ತದೆಂದು ಎಲ್ಲರಿಗೂ ಗೊತ್ತು. ಗ್ಯಾಲರಿಯಲ್ಲಿದ್ದವರು ರೂಢಿಯಂತೆ ಕೂಗಿದರು: "ಓಡೇ ಹುಡುಗಿ, ಓಡು!"

ಸುನಂದೆಗೂ ಇವರು ಹೀಗೆಯೇ ಕೂಗಿದ್ದರು. ಅವನಿಗೆ ಮಾತ್ರ ಯಾರೂ ಏನೂ ಅಂದಿರಲಿಲ್ಲ. ಮೇದಿನಿಗೆ ಮೈಯೆಲ್ಲ ಉರಿದುಹೋಯಿತು.

"ನಿಲ್ಲೋ ಅಲ್ಲೇ!"

ಪ್ರತಾಪ ತಬ್ಬಿಬ್ಬಾಗಿ ನಿಂತುಬಿಟ್ಟ. ಹುಟ್ಟಿದಾರಭ್ಯ ಅವನು ಆ ಮಾತನ್ನೇ ಕೇಳಿರಲಿಲ್ಲ.

ಮೇದಿನಿ ಮಾಸ್ತರ ಕೈಯಿಂದ ಕತ್ತರಿ ಕಿತ್ತುಕೊಂಡಳು.

"ಇಷ್ಟೇ ಅಲ್ವಾ ಸರ್? ಅವತ್ತು ನಿಮ್ಮಲ್ಲಿ ಯಾರಾದ್ರೂ ಒಬ್ರು ಇಷ್ಟು ಅಂದಿದ್ರೆ, ನಮ್ಮಕ್ಕ ಮನೇಲಿರ್ತಿದ್ಲು."