ಕಪ್ಪು-ಬಿಳುಪಿಗೆ ಬಣ್ಣ

“ಈಗ ಹುಡುಗಿ ಹಳದಿ ಕೊಡೆ ಬಿಚ್ಚಿದಳು,” ಎಂದು ಬಣ್ಣದಕ್ಕ ಗಂಡನ ಕಿವಿಯಲ್ಲಿ ಹೇಳಿದ್ದೇ ತಡ, ಹಿಂದಿನ ಸಾಲಿನಿಂದ “ಶ್!” ಎಂದು ಗದರಿಕೆ ಬಂತು. ಗಡಿಯಾರ ರಿಪೇರಿಯವನದು. ದಿನವಿಡೀ ಟಿಕ್ ಟಿಕ್‌ಗೆ ಕಿವಿ ಕೊಟ್ಟು ಕೂರುವವನಿಗೆ ಪಿಸುಮಾತೂ ಡೋಲು ಬಡಿದಂತೆ ಕೇಳಿಸಿತೋ ಏನೋ.

ಚಳಿ ಕಳೆದು ಮರ ಚಿಗುರಿತೆಂದರೆ ಆ ಥಿಯೇಟರಿನಲ್ಲಿ ಒಂದು ವಾರ ಹಳೆಯ ಚಿತ್ರಗಳದೇ ಸುಗ್ಗಿ. ಇಂದಿನದು ಮೂಕಿ ಚಿತ್ರ. ಬಟ್ಟೆಗೆ ಬಣ್ಣ ಹಾಕುವ ಈ ಗಂಡ ಹೆಂಡತಿ ಮದುವೆಯಾದ ಹೊಸತರಲ್ಲಿ ನೋಡಿ, ಆಮೇಲೆ ಪ್ರತಿ ವಸಂತದಲ್ಲೂ ತಪ್ಪದೆ ನೋಡಿದ ಚಿತ್ರ. ಕಳೆದ ವರ್ಷ ಗಂಡನ ಕಣ್ಣು ಹೋಯಿತು. ಅಂದಿನಿಂದ ಆತ ಹೊಸ್ತಿಲು ದಾಟಿರಲಿಲ್ಲ. “ಮಾತೇ ಇಲ್ಲದ ಸಿನಿಮಾಕ್ಕೆ ಕಣ್ಣೇ ಇಲ್ಲದೋನು ಹೋಗಿ ಏನು ಕಡಿದು ಕಟ್ಟೆ ಹಾಕ್ಲಿ?” ಎಂದು ಗೊಣಗಿದವನನ್ನು ಅವಳು ಹಟ ಹಿಡಿದು ಎಬ್ಬಿಸಿಕೊಂಡು ಬಂದಿದ್ದಳು.

“ಮಾತಾಡೋದು ಸಾಲದು ಅಂತ ಸುಳ್ಳು ಬೇರೆ!” ಗಡಿಯಾರದವನು ಸಿಡುಕಿದ. “ಕಪ್ಪು-ಬಿಳುಪು ಚಿತ್ರದಲ್ಲಿ ಹಳದಿ ಎಲ್ಲಿಂದ ಬಂತಮ್ಮಾ?”

ಗಂಡ ತಡಕಾಡಿ ಊರುಗೋಲು ಹಿಡಿದು ಎದ್ದ. “ನಡಿಯೇ, ಹೋಗೋಣ. ನಾನು ಮೊದಲೇ ಬೇಡ ಅಂದಿದ್ದೆ.”

“ಕೂತ್ಕೊಳ್ಳಿ, ರೀ!” ಈಗ ಹೊರಗೆ ಹೋದರೆ ಈ ಮನುಷ್ಯ ಮತ್ತೆಂದೂ ಮನೆಯಿಂದ ಹೊರಡುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅಂಗಿ ಹಿಡಿದು ಅವನನ್ನು ಕೂರಿಸಿ, ಹಿಂದಕ್ಕೆ ತಿರುಗಿದಳು. “ಆ ಹುಡುಗಿ ಕ್ಯಾಮೆರಾ ಮುಂದೆ ನಿಂತ ದಿನ ಅವಳ ಕೊಡೆಗೆ ಏನೋ ಒಂದು ಬಣ್ಣ ಇದ್ದೇ ಇತ್ತಲ್ಲ? ಹಳದಿ ಅಲ್ಲ ಅನ್ನೋದಕ್ಕೆ ನೀವು ಅಲ್ಲಿದ್ರಾ?”

ಗಡಿಯಾರದವನು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸಾಲಿನಿಂದ ಒಬ್ಬ ಅಜ್ಜಿ ಕೂಗಿದಳು: “ಒಳ್ಳೇ ಪ್ರಶ್ನೆ ಕೇಳ್ದೆ ಕಣಮ್ಮ! ಇನ್ನೂ ಜೋರಾಗಿ ಹೇಳು. ಕನ್ನಡಕ ಮನೇಲಿ ಮರೆತು ಬಂದು, ಪರದೆ ಮೇಲಿನ ಅಕ್ಷರ ಒಂದೂ ಕಾಣ್ತಿಲ್ಲ.”

ಕೇಳಬೇಕೆ? ಬಣ್ಣದಕ್ಕ ಗಂಟಲು ಸರಿಮಾಡಿಕೊಂಡು ಶುರು ಹಚ್ಚಿದಳು. ನಾಯಕನ ಕೋಟಿಗೆ ತಿಳಿ ನೀಲಿ ಬಂತು, ಖಳನಾಯಕನ ಟೋಪಿಗೆ ಕೊಳೆತ ಬದನೆಕಾಯಿಯ ಬಣ್ಣ ಬಂತು. ಅವನು ಕೊಳಕ್ಕೆ ಬಿದ್ದಾಗ ಥಿಯೇಟರಿಗೆ ಥಿಯೇಟರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗಂಡ ಊರುಗೋಲನ್ನು ಕುರ್ಚಿಯ ಕೆಳಗೆ ತಳ್ಳಿ, ಕಾಲು ಚಾಚಿ, ಎಲ್ಲರಿಗಿಂತ ಜೋರಾಗಿ ನಕ್ಕ. ಆ ನಗು ಕೇಳದೆ ಎಷ್ಟು ದಿನವಾಗಿತ್ತು! ಅವಳಿಗೆ ಹಿಗ್ಗೋ ಹಿಗ್ಗು.

ಕೊನೆಯ ದೃಶ್ಯದಲ್ಲಿ ಅಗಲಿದ್ದ ಇಬ್ಬರೂ ಹೂದೋಟದಲ್ಲಿ ಎದುರಾದರು. ಬಣ್ಣದಕ್ಕ ಹೇಳುವುದನ್ನು ಬಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಲ್ಲರೂ ಕಾದರು.

“ಅಕ್ಕಾ,” ಹಿಂದಿನಿಂದ ಗಡಿಯಾರದವನು ಮೆಲ್ಲಗೆ ಕೇಳಿದ, “ಆ ಹೂವು ಯಾವ ಬಣ್ಣ?”

“ಕೇಸರಿ,” ಎಂದ ಅವಳ ಗಂಡ, ಒಂದಿಷ್ಟೂ ತಡವರಿಸದೆ. “ಎರಡು ಸಲ ಅದ್ದಿ ತೆಗೆದ ಕೇಸರಿ.”

ಗಡಿಯಾರದವನು ಕಣ್ಣು ಕಿರಿದು ಮಾಡಿ ಪರದೆಯನ್ನು ದಿಟ್ಟಿಸಿದ.

“ಹೌದಲ್ವಾ!” ಎಂದ.